‘ಅಷ್ಟರಲ್ಲಿ’ ಎನ್ನುತ್ತಿದ್ದ ಮೇಷ್ಟರು

ಮೆಶ್ಕಾತಿಯವರು ತಮ್ಮ ಯಾವ ಕೆಲಸದ ಬಗ್ಗೆಯೂ ‘ಮಾಡಿದೆ’ ಎಂದವರಲ್ಲ. ‘ಮಾಡುತ್ತಿದ್ದೆ, ಅಷ್ಟರಲ್ಲಿ’ ಎಂದು ನಿಲ್ಲಿಸಿಬಿಡುತ್ತಿದ್ದರು. ಇರಾನಿನ ಕಾಶಾನ್ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಮುಖ್ಯೋಪಾಧ್ಯಾಯಿನಿ, ಅವರು ಪಾರಸಿ ವ್ಯಾಕರಣದ ಮೇಷ್ಟರು. ಸೀಮೆಸುಣ್ಣದ ಭಾರಕ್ಕೆ ಬಲಜೇಬು ಜೋತುಬಿದ್ದ ಕಂದು ಕೋಟು. ಆ ಜೇಬೇ ಎಳೆದೊಯ್ಯುತ್ತಿದೆಯೇನೋ ಎಂಬಂತೆ ಒಂದು ಮಗ್ಗುಲಿಗೆ ವಾಲಿದ ನಡಿಗೆ.

ಹಿಂದೆ ನಡೆಯುತ್ತಿದ್ದ ಕ್ರಿಯೆಯನ್ನು ಹೇಳಲು ನಮ್ಮ ಪಾರಸಿಯ ಆಡುಮಾತಿನಲ್ಲಿ ‘ಹೊಂದು’ ಎಂಬರ್ಥದ ಕ್ರಿಯಾಪದವನ್ನು ಮುಖ್ಯ ಕ್ರಿಯಾಪದದ ಮುಂದೆ ನಿಲ್ಲಿಸುತ್ತೇವೆ. ಹಳೆಯ ಪಂಡಿತರು ಅದನ್ನು ಬೀದಿಮಾತೆಂದು ಹಳಿದರೆ, ಮೆಶ್ಕಾತಿಯವರು ವಾರಗಟ್ಟಲೆ ಅದನ್ನೇ ಪಾಠ ಮಾಡುತ್ತಿದ್ದರು. ಉದಾಹರಣೆಗಳೆಲ್ಲ ಅಕ್ಕನವೇ: ಅಕ್ಕ ಗುಲಾಬಿ ಬಿಡಿಸುತ್ತಿದ್ದಳು, ಅಕ್ಕ ಚಹಾ ಬಸಿಯುತ್ತಿದ್ದಳು. ಒಮ್ಮೆ ಒಬ್ಬ ಹುಡುಗಿ, “ಮೇಷ್ಟ್ರೇ, ಆ ಚಹಾ ನಿಮಗೆ ಸಿಕ್ತೋ ಇಲ್ವೋ?” ಎಂದಳಂತೆ. ತರಗತಿ ನಕ್ಕಿತು. ಅವರು ಹಲಗೆ ಒರೆಸಿ ಹೊರಟುಬಿಟ್ಟರು.

ಸಿಕ್ಕಿರಲಿಲ್ಲ. ತಾಯಿ ತೀರಿಕೊಂಡ ನಲವತ್ತನೆಯ ದಿನದ ಊಟವಾದ ಮೇಲೆ ಅಕ್ಕ ತಲತ್, ಚಹಾಕ್ಕೆ ನೀರು ಕಾಯಿಸುವ ತಾಯಿಯ ಹಿತ್ತಾಳೆಯ ಸಮೊವರನ್ನು ತೋರಿಸಿ, ಇದು ನಿನ್ನದೇ, ಒಯ್ಯಿ ಎಂದಿದ್ದಳು. ಅದು ಉಪಚಾರದ ಮಾತು. ನಮ್ಮಲ್ಲಿ ಬೇಡವೆಂದು ಎರಡು ಮೂರು ಸಲ ಹೇಳದೆ ಯಾರೂ ಏನನ್ನೂ ಮುಟ್ಟುವುದಿಲ್ಲ. ದುಃಖದಲ್ಲಿದ್ದ ಈ ಮನುಷ್ಯ ಮೊದಲ ಮಾತಿಗೇ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದುಬಿಟ್ಟರು. ಮನೆ ತಲುಪುವ ಹೊತ್ತಿಗೆ ತಪ್ಪು ಹೊಳೆಯಿತು, ಹಿಂದಿರುಗಿಸುವ ಧೈರ್ಯ ಬರಲಿಲ್ಲ. ಪಕ್ಕದ ಓಣಿಯಲ್ಲೇ ಇದ್ದ ಅಕ್ಕ ಮಾತು ಬಿಟ್ಟಳು. ಹೊಸವರ್ಷದ ಹಬ್ಬಕ್ಕೆ ಕಿರಿಯರೇ ಮೊದಲು ಹಿರಿಯರ ಮನೆಗೆ ಹೋಗಬೇಕು. ಇವರು ಪ್ರತಿ ವರ್ಷ ಕೋಟು ತೊಟ್ಟು ಓಣಿಯ ತಿರುವಿನವರೆಗೆ ಹೋಗಿ ಮರಳುತ್ತಿದ್ದರು.

ಅಕ್ಕನಿಗೆ ಎದೆನೋವೆಂದು ಕೇಳಿದ ವರ್ಷ, ಹಬ್ಬದ ಬೆಳಿಗ್ಗೆ ನಾನೇ ಅವರ ಮನೆಗೆ ಹೋದೆ. ಕೋಟು ತೊಟ್ಟೇ ಕುಳಿತಿದ್ದರು.

“ಹೋಗ್ತಿದ್ದೆ ಖಾನುಮ್, ಅಷ್ಟರಲ್ಲಿ...”

“ಅಷ್ಟರಲ್ಲಿ ಏನೂ ಆಗಿಲ್ಲ. ಸಮೊವರ್ ಎತ್ಕೊಳ್ಳಿ, ನಡೀರಿ.”

ಬಾಗಿಲು ತೆರೆದ ತಲತ್ ತಮ್ಮನ ಮುಖ ನೋಡಲಿಲ್ಲ, ಸಮೊವರನ್ನು ನೋಡಿದಳು. “ಇದ್ಯಾಕೆ ತಂದೆ? ನಿಂದೇ ಅಲ್ವಾ, ತಗೊಂಡ್ಹೋಗು.”

“ಬೇಡಕ್ಕ.”

“ತಗೊಂಡ್ಹೋಗು ಅಂದ್ನಲ್ಲ.”

“ಬೇಡ.” ಆಕೆ ಇನ್ನೊಮ್ಮೆ ಒತ್ತಾಯಿಸಿದಾಗ ಅವರು ತಲೆ ಅಲ್ಲಾಡಿಸಿದರು.

ಆಕೆ ಸಮೊವರನ್ನು ಕಸಿದುಕೊಂಡಳು. “ಊರಿಗೆಲ್ಲ ಮಾತು ಕಲಿಸೋನು, ಬೇಡ ಅನ್ನೋಕೆ ಇಷ್ಟು ವರ್ಷ ಬೇಕಾಯ್ತಾ ನಿಂಗೆ? ಒಳಗೆ ಬಾ, ಬಡಕಲಾಗಿದ್ದೀಯ.”

ಆಕೆ ನನ್ನನ್ನೂ ಕರೆದಳು. ಉಪಚಾರವೆಂದು ತಿಳಿದು ಬೇಡವೆಂದೆ, ಮನೆಗೆ ಬಂದೆ.

ಕೆಲವರಿಗೆ, ನಡೆಯುತ್ತಿರುವುದು ಮುಗಿದರೆ ಅದರ ಜೊತೆಗಿದ್ದವರೂ ಇಲ್ಲವಾಗುತ್ತಾರೆಂಬ ಅಂಜಿಕೆ. ಅದಕ್ಕೇ ಬದುಕನ್ನು ಅರ್ಧವಾಕ್ಯದಲ್ಲಿ ನಿಲ್ಲಿಸಿಕೊಂಡಿರುತ್ತಾರೆ. ಅವರಲ್ಲಿ ಪ್ರೀತಿಗೆ ಕೊರತೆಯಿಲ್ಲ. ಅಂಥವರಿಗೆ ಸಾಂತ್ವನ ಹೇಳಿ ಫಲವಿಲ್ಲ; ಗದರಿಸಿ ಎಬ್ಬಿಸಿ, ಬಾಗಿಲವರೆಗೆ ಜೊತೆಯಲ್ಲಿ ನಡೆಯಬೇಕು.