ಬೀಗರೂಟದ ಚರ್ಮ

“ಬಾಗ್ಲ ಕಡೆ ಏನ್ ನೋಡ್ತೀಯೆ, ಮುಂಡೇದೆ? ನಿನಗೇ ಅಂತ ಏಣಿ ಇಟ್ಟಿಲ್ವಾ? ಹತ್ತು.”

ಮನೆಯ ಯಜಮಾನಿ ಕರಿಯಮ್ಮ ಹೊಸಿಲ ಒಳಗೇ ನಿಂತು ಕೈ ಬೀಸಿದರು. ಅಂಗಳದಲ್ಲಿ ನಿಂತ ಪುಷ್ಪಮ್ಮನ ತಲೆಯ ಮೇಲೆ ಬಕೆಟ್ಟಿತ್ತು. ಬೆಳಿಗ್ಗೆ ಕಡಿದ ಹೋತದ ಹಸಿ ಚರ್ಮ ಅದರಲ್ಲಿ ಮುದುರಿ ಕೂತಿತ್ತು. ಶಿವಮೊಗ್ಗದ ರಾಗಿಗುಡ್ಡದ ಬಗಲಿಗೆ ಕೃಷ್ಣಪ್ಪಗೌಡರು ಕಟ್ಟಿಸಿದ ಹೊಸ ಮನೆಯಲ್ಲಿ ಅಂದು ಮಗ ಸುದೀಪನ ಮದುವೆಯ ಬೀಗರೂಟ. ತಾರಸಿಗೆ ಹೋಗಲು ಒಳಗಿನಿಂದ ಮಾರ್ಬಲ್ಲಿನ ಮೆಟ್ಟಿಲಿತ್ತು. ಆದರೆ ನಡುಮನೆಯಲ್ಲಿಟ್ಟ ಮದುವೆಯ ಕಳಸವನ್ನು ಇನ್ನೂ ಕದಲಿಸಿರಲಿಲ್ಲ.

“ಕಳಸ ಐತೆ ಅಂತ ಅಲ್ವಾ ಅಮ್ಮೋರೆ? ಕಳಸ ಇಲ್ದಾಗ್ಲೂ ನಾನೇನು ಒಳಗೆ ಬಂದು ನಿಮ್ಮ ಸೋಫಾ ಮೇಲೆ ಕೂತಿರ್ಲಿಲ್ಲ ಬಿಡಿ,” ಎಂದು ಪುಷ್ಪಮ್ಮ ಏಣಿಗೆ ಕಾಲಿಟ್ಟಳು.

ಗೇಟಿನ ಪಕ್ಕದ ನಲ್ಲಿಯ ಹತ್ತಿರ ಬಾಡೂಟದ ಹಂಡೆ ಉಜ್ಜುತ್ತಿದ್ದ ಅವಳ ಗಂಡ ಹೊನ್ನಯ್ಯ ತಲೆ ಎತ್ತದೆ ಗೊಣಗಿದ: “ಸುಮ್ನೆ ಹತ್ತೆ. ನಿನ್ನ ಬಾಯಿಗೊಂದಿಷ್ಟು ಬೂದಿ ಹಾಕ.”

ಗೌಡರ ಮನೆಯಲ್ಲಿ ಯಾವ ಮರಿ ಕಡಿದರೂ ಅದರ ಚರ್ಮ ಹೊನ್ನಯ್ಯನ ಮನೆಗೆ ಸೇರಬೇಕು. ಊರು ಬಿಟ್ಟು ಗೌಡರು ಶಿವಮೊಗ್ಗ ಸೇರಿದರು, ಇವರು ಭದ್ರಾವತಿಯ ಕಾಲೋನಿ ಸೇರಿದರು, ಆ ವಾಡಿಕೆ ಮಾತ್ರ ತಪ್ಪಿರಲಿಲ್ಲ. ಕರೆದಾಗ ಬಂದು ಪಾತ್ರೆ ತೊಳೆದು, ಕರುಳು ಹೂತು, ಚರ್ಮ ಹೊತ್ತುಕೊಂಡು ಹೋಗುತ್ತಿದ್ದರು. ಈ ಸಲದ ಚರ್ಮದ ಮೇಲಂತೂ ಪುಷ್ಪಮ್ಮನ ಜೀವವೇ ಇತ್ತು. ಸುದೀಪನ ಮದುವೆಯ ಮೆರವಣಿಗೆಯಲ್ಲೇ ಅವಳ ಹಲಗೆಯ ಚರ್ಮ ಬಾರಿಸಿ ಬಾರಿಸಿ ನಡುವಿಗೇ ಹರಿದಿತ್ತು. ಅಂಬೇಡ್ಕರ್ ಜಯಂತಿ ಹತ್ತಿರ ಬಂದಿತ್ತು. ಭದ್ರಾವತಿಯ ಮೆರವಣಿಗೆಯಲ್ಲಿ ಕಾಲೋನಿಯ ಹೆಂಗಸರ ಹಲಗೆ ಮೇಳಕ್ಕೆ ಅವಳೇ ಮುಂದಾಳು. “ಹಲಗೆ ಇಲ್ದಿದ್ರೆ ಬಾವುಟ ಹಿಡ್ಕೊಂಡು ಹಿಂದೆ ಬಾ ಮಾರಾಯ್ತಿ,” ಎಂದು ಗೆಳತಿಯರು ಆಗಲೇ ಆಡಿಕೊಳ್ಳಲು ಶುರುಮಾಡಿದ್ದರು.

ಆದರೆ ಸುದೀಪ ಫೋನಿನಲ್ಲಿ ಒಂದು ವಿಡಿಯೋ ನೋಡಿದ್ದ. ಮನೆಯಲ್ಲೇ ಚರ್ಮ ಹದಮಾಡಿ ಒಣಗಿಸುವುದು ಹೇಗೆಂದು ಯಾರೋ ಬಿಳಿಯನೊಬ್ಬ ಹೊಸಬರಿಗೆ ಕಲಿಸುತ್ತಿದ್ದ. ಅಂಥದ್ದೇ ವಿಡಿಯೋ ತಾನೂ ಮಾಡಬೇಕು, ಚರ್ಮವನ್ನು ಕೂದಲ ಸಮೇತ ಹೊಸ ಹೆಂಡತಿಯ ಮಂಚದ ಪಕ್ಕ ಹಾಸಬೇಕು ಎಂದು ಅವನಿಗೆ ಆಸೆಯಾಗಿತ್ತು. ಒಳಗಿನ ಮೆಟ್ಟಿಲು ಹತ್ತಿ ಬಂದು, ತಾರಸಿಯ ಬಾಗಿಲ ನೆರಳಲ್ಲಿ ನಿಂತು, ರಬ್ಬರಿನ ಕೈಗವುಸು ಎಸೆದ.

“ಇದನ್ನ ಹಾಕ್ಕೊ. ವಿಡಿಯೋದಲ್ಲಿ ನಿನ್ನ ಮುಖ ಬರ್ಬಾರ್ದು, ಕೈ ಮಾತ್ರ. ಬಳೆ ತೆಗಿ. ಸೌಂಡ್ ಬಂದ್ರೆ ಕೈ ನಂದಲ್ಲ ಅಂತ ಗೊತ್ತಾಗುತ್ತೆ.”

“ಬಳೆ ತೆಗಿಯೋಕೆ ನನ್ನ ಗಂಡ ಇನ್ನೂ ಗಟ್ಟಿಮುಟ್ಟಾಗಿ ಹಂಡೆ ಉಜ್ತಾ ಕೂತವ್ನೆ ಸಣ್ಣಗೌಡ್ರೆ. ಅವನನ್ನೊಂದು ಮಾತು ಕೇಳಿ.”

ಬಳೆಗಳನ್ನು ಮೇಲಕ್ಕೆ ಸರಿಸಿ ಗವುಸಿನೊಳಗೆ ಮುಚ್ಚಿ ಪುಷ್ಪಮ್ಮ ಕೂತಳು. ಚರ್ಮವನ್ನು ದೊಡ್ಡ ಮರದ ಮಣೆಯ ಮೇಲೆ ಮಗುಚಿ ಹಾಸಿದಳು.

“ನಮಸ್ಕಾರ ಫ್ರೆಂಡ್ಸ್. ಈಗ ನಾನು ಒಳಮೈಗೆ ಅಂಟಿರೋ ಕೊಬ್ಬು ಕೆರೀತಾ ಇದೀನಿ,” ಎಂದ ಸುದೀಪ. ಪುಷ್ಪಮ್ಮ ಕೆರೆದಳು.

“ಈಗ ನಾನು ಉಪ್ಪು ಉಜ್ತಾ ಇದೀನಿ.” ಪುಷ್ಪಮ್ಮ ಉಜ್ಜಿದಳು.

“ಇದನ್ನ ನೆರಳಲ್ಲೇ ಒಣಗಿಸ್ಬೇಕು ಫ್ರೆಂಡ್ಸ್. ಬಿಸ್ಲಿಗೆ ಹಾಕಿದ್ರೆ ಹಾಳಾಗೋಗುತ್ತೆ.”

“ಸಣ್ಣಗೌಡ್ರೆ, ಮೂಗು ಕಡೀತೈತೆ.”

“ತಡ್ಕೊ. ಕೈ ಆಚೆ ತೆಗೀಬೇಡ.”

“ನಿಮ್ಮ ಒಂದು ಕೈ ಖಾಲಿ ಐತಲ್ಲ. ನೀವೇ ಒಸಿ ಕೆರೀರಿ.”

ಸುದೀಪ ಫೋನು ಇಳಿಸಿ ಕೆಕ್ಕರಿಸಿದ. ಪುಷ್ಪಮ್ಮ ತೋಳಿಗೆ ಮೂಗು ಒರೆಸಿಕೊಂಡು, ನಗು ನುಂಗಿಕೊಂಡು ಕೇಳಿದಳು: “ವಿಡಿಯೋ ನಿಮಗಿರ್ಲಿ. ತೊಗ್ಲು ನಾನು ಒಯ್ತೀನಿ, ಅಲ್ವಾ?”

“ಏಯ್, ಇದು ನಮ್ಮ ರೂಮಿಗೆ.”

“ನಿಮ್ಮ ಮದ್ವೇಲೇ ನನ್ನ ಹಲಗೆ ಹರಿದಿದ್ದು. ಈ ಮನೇಲಿ ಕಡಿದಿದ್ದರ ತೊಗ್ಲು ನಮ್ಮದು. ನಿಮ್ಮ ತಾತನ ಕಾಲದಿಂದ.”

“ತಾತ ಹೋಗಿ ಎಷ್ಟು ವರ್ಷ ಆಯ್ತು. ನಿಮಗೇನು ಬರ, ಎಲ್ಲಾದ್ರೂ ಸತ್ತಿದ್ದು ಒಂದು ಸಿಕ್ಕೇ ಸಿಗುತ್ತೆ.”

ಪುಷ್ಪಮ್ಮನ ಕೈ ಉಪ್ಪಿನಲ್ಲೇ ನಿಂತಿತು. ಗವುಸು ಕಳಚಿ ಬಿಸುಟು ತಾರಸಿಯ ಅಂಚಿಗೆ ಹೋಗಿ ಬಗ್ಗಿ ನೋಡಿದಳು. ಏಣಿ ಇರಲಿಲ್ಲ.

“ಗೌಡ್ರೆ, ಏಣಿ?”

ಕೆಳಗೆ ಎಲೆಯಡಿಕೆ ಜಗಿಯುತ್ತಿದ್ದ ಕೃಷ್ಣಪ್ಪಗೌಡರು ಕತ್ತೆತ್ತಿದರು. “ಅದು ಶಾಮಿಯಾನದವರದ್ದು ಕಣೆ. ಗಾಡಿಗೆ ಹಾಕ್ಕೊಂಡು ಭದ್ರಾವತಿ ಕಡೆ ಹೋದ್ರು. ಸಂಜೆ ಕುರ್ಚಿ ಒಯ್ಯೋಕೆ ಬರ್ತಾರೆ, ಅಲ್ಲೀವರೆಗೂ ಇರು.”

“ಈ ಬಿಸ್ಲಲ್ಲಾ? ತೊಗ್ಲಿಗೇ ನೆರಳು ಬೇಕು ಅಂತ ನಿಮ್ಮ ಮಗ ಈಗ ಪಾಠ ಮಾಡ್ತಿದ್ರು.”

“ತೊಗ್ಲಿಗೆ ಗೋಣಿಚೀಲ ಮುಚ್ಚು,” ಎಂದರು ಕರಿಯಮ್ಮ ಕಿಟಕಿಯಿಂದ.

“ನನಗೆ?”

“ನಿನಗೇನಾಗುತ್ತೆ ಮಾರಾಯ್ತಿ. ಅಭ್ಯಾಸ ಇರೋ ಮೈ.”

ಊಟ ಮುಗಿಸಿ ಬಂದ ಬೀಗರು ಗೊಳ್ಳೆಂದು ನಕ್ಕರು. ಪುಷ್ಪಮ್ಮನೂ ಸ್ವಲ್ಪ ನಕ್ಕಳು. ಆಮೇಲೆ ತಿರುಗಿ ಬಂದು, ಉಪ್ಪುನೀರು ಸುರಿಯುತ್ತಿದ್ದ ಚರ್ಮವನ್ನು ಎರಡೂ ಕೈಯಲ್ಲಿ ಎತ್ತಿ ಎದೆಯ ಮುಂದೆ ಅಗಲಿಸಿ ಹಿಡಿದು, ಬಾಗಿಲ ಕಡೆಗೆ ನಡೆದಳು.

“ಏಯ್, ಎಲ್ಲಿಗೆ?” ಎಂದ ಸುದೀಪ.

“ಕೆಳಕ್ಕೆ.”

ಸುದೀಪ ಒಂದು ಮೆಟ್ಟಿಲು ಹಿಂದೆ ಇಳಿದ. ಅವಳು ಒಂದು ಮೆಟ್ಟಿಲು ಮುಂದೆ ಇಳಿದಳು. ಹೀಗೆ ಮದುಮಗ ಹಿಮ್ಮುಖವಾಗಿ, ಗೋಡೆ ತಡವುತ್ತಾ, ಮಾರ್ಬಲ್ಲಿನ ಅಷ್ಟೂ ಮೆಟ್ಟಿಲನ್ನು ಇಳಿದ. ಮೆಟ್ಟಿಲುದ್ದಕ್ಕೂ ನೆತ್ತರು ಬೆರೆತ ನೀರು ತೊಟತೊಟ ಬಿದ್ದು ಬಂತು. ನಡುಮನೆಯಲ್ಲಿ ಕೂತಿದ್ದ ಬೀಗಿತ್ತಿಯರು ರೇಷ್ಮೆಸೀರೆಯ ನೆರಿಗೆ ಎತ್ತಿಕೊಂಡು ಸೋಫಾದ ಮೇಲೆ ಕಾಲು ಮಡಿಚಿದರು. ಕರಿಯಮ್ಮ ಎರಡೂ ತೋಳು ಚಾಚಿ ಕಳಸಕ್ಕೆ ಅಡ್ಡ ನಿಂತರು.

“ಹಿಡೀರೋ ಆ ಬೋಸುಡಿನ. ಕಿತ್ಕೊಳ್ರೋ ಅದನ್ನ,” ಎಂದು ಕೃಷ್ಣಪ್ಪಗೌಡರು ಬಾಗಿಲಲ್ಲಿ ಕೂಗಿದರು.

ಪುಷ್ಪಮ್ಮ ನಿಂತು, ಚರ್ಮವನ್ನು ಅವರತ್ತ ಚಾಚಿದಳು. “ತಗೊಳ್ಳಿ ಗೌಡ್ರೆ. ನಿಮ್ಮದಾದ್ರೆ ಕೈಯಾರೆ ತಗೊಳ್ಳಿ.”

ಅದೇ ಹೋತದ ಬಾಡು ಈಗಷ್ಟೇ ಉಂಡೆದ್ದ ಕೈಗಳೆಲ್ಲ ಪಂಚೆಗೆ ಒರೆಸಿಕೊಂಡು ಬೆನ್ನ ಹಿಂದೆ ಹೋದವು. ಗೌಡರು ಸುತ್ತ ನೋಡಿದರು. ಬೀಗರು ಗೋಡೆಯ ಫೋಟೋ ನೋಡುತ್ತಿದ್ದರು. ಚರ್ಮದ ಅಂಚು ಮೊಣಕಾಲಿಗೆ ತಾಗುವಷ್ಟು ಹತ್ತಿರ ಬಂದಾಗ ಗೌಡರೂ ಪಕ್ಕಕ್ಕೆ ಸರಿದರು. ಅವಳು ಮುಂಬಾಗಿಲ ತೋರಣದ ಕೆಳಗೆ ಹಾದು ಅಂಗಳಕ್ಕಿಳಿದಳು.

ಆಗ ಗೌಡರಿಗೆ ಹೊಳೆಯಿತು. “ಲೇ ಹೊನ್ನಯ್ಯ, ನೀನು ಮುಟ್ಬಹುದಲ್ಲೋ. ನಿನ್ನ ಹೆಂಡ್ತಿ ಕೈಯಿಂದ ಅದನ್ನ ಕಿತ್ಕೊಂಡು ಇಲ್ಲಿಡು.”

ಹೊನ್ನಯ್ಯ ಹಂಡೆಯನ್ನು ಮೆಲ್ಲಗೆ ಕೆಳಗಿಟ್ಟ. ಬೂದಿ ಮೆತ್ತಿದ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಬೆರಳು ಬೆರಳು ಬಿಡಿಸಿ ತೊಳೆದ. ಎದ್ದು, ಸೊಂಟ ನೆಟ್ಟಗೆ ಮಾಡಿಕೊಂಡು ಹೆಂಡತಿಯ ಎದುರಿಗೆ ಬಂದು ನಿಂತ. ಪುಷ್ಪಮ್ಮ ಚರ್ಮವನ್ನು ಬಿಗಿಹಿಡಿದು ಗಂಡನ ಮುಖವನ್ನೇ ನೋಡಿದಳು.

“ಒಬ್ಳೇ ಹಿಡಿದ್ರೆ ಮಡಿಕೆ ಬೀಳುತ್ತೆ ಕಣೆ,” ಎಂದ ಹೊನ್ನಯ್ಯ. “ಬಾಲದ ಕಡೆ ನನಗೆ ಕೊಡು.”

ಇಬ್ಬರೂ ಎರಡು ತುದಿ ಹಿಡಿದು, ಚರ್ಮವನ್ನು ನಡುವೆ ಸೆಟೆಯುವಂತೆ ಎಳೆದುಕೊಂಡು ಗೇಟು ದಾಟಿದರು. ರಸ್ತೆಯಲ್ಲಿ ಬರುತ್ತಿದ್ದ ಸ್ಕೂಟರುಗಳು ಆ ಕಡೆಗೊಂದು ಈ ಕಡೆಗೊಂದು ಸರಿದು ದಾರಿ ಬಿಟ್ಟವು.

“ಬಿಗಿಯಾಗಿ ಹಿಡಿಯೋ, ಜೋಲು ಬೀಳ್ತೈತೆ,” ಎಂದು ಪುಷ್ಪಮ್ಮ ಬೈಯುತ್ತಾ ಬಸ್ ಸ್ಟಾಪಿನ ಕಡೆ ನಡೆದಳು.