ಬುಡ ಕೆರೆದು ನೋಡಬೇಕಿತ್ತು

ಹಿತ್ತಲ ಗಿಡ ಮದ್ದಲ್ಲ ಅಂತಾರೆ. ನಮ್ಮ ಪಕ್ಕದ ಮನೆಯವಳಿಗೆ ಅಂಗಳದ ಗಿಡ ಹೂವೂ ಆಗಿರಲಿಲ್ಲ, ಬರೀ ಕಳೆ.

ಅವಳು ಟೈಲರ್. ಅವಳ ಮಾವ ಹಳೇ ಲಾರಿ ಡ್ರೈವರ್. ಬಾಯಿ ಬಿಟ್ಟರೆ ಬೀದಿಗೆಲ್ಲ ಕೇಳುತ್ತೆ, ಅದಕ್ಕೇ ಎಲ್ಲರೂ ಹಾರ್ನ್ ತಾತ ಅಂತೀವಿ. ತಾತನ ಕಣ್ಣು ದಿನೇ ದಿನೇ ಮಂಜಾಗ್ತಿತ್ತು. ಹೋದ ದೃಷ್ಟಿ ವಾಪಸ್ ಬರಲ್ಲ, ಉಳಿದದ್ದೂ ಹೆಚ್ಚು ಕಾಲ ಇರಲ್ಲ ಅಂದಿದ್ರು ಡಾಕ್ಟರ್. ಹಳದಿ ಬಣ್ಣ ಮಾತ್ರ ಇನ್ನೂ ಕಾಣ್ತಿತ್ತು.

"ರಸ್ತೆ ಉದ್ದಕ್ಕೂ ಹಳದಿ ತುತ್ತಿ ಹೂ ನೋಡ್ತಾ ಲಾರಿ ಓಡಿಸಿದೋನಮ್ಮ ನಾನು. ಕಿಟಕಿ ಹತ್ರ ಒಂದಿಷ್ಟು ಬೆಳೆಸು. ಕಣ್ಣು ಹೋಗೋದ್ರೊಳಗೆ ಒಂದ್ಸಲ ನೋಡ್ಬಿಡ್ತೀನಿ," ಅಂದರು ಸೊಸೆಗೆ.

ನನ್ನದು ಗಿಡ ಬೆಳೆಸಿ ಮಾರೋ ಕೆಲಸ. ಬೀಜ ನಾನೇ ಕೊಟ್ಟೆ. ಅವಳು ಮೂಗು ಮುರಿದಳು.

"ಅಕ್ಕಾ, ರಸ್ತೆ ಬದಿ ಕಳೆಗೆ ಯಾರಾದ್ರೂ ನೀರು ಹಾಕ್ತಾರಾ?"

"ದಾಸವಾಳದ ನೆಂಟ ಕಣೇ ಇದು! ಈ ಮಣ್ಣಿಂದೇ ಗಿಡ, ಹೆಚ್ಚು ಆರೈಕೆ ಕೇಳಲ್ಲ. ಬೀಜ ಗಟ್ಟಿ, ಒಂದು ರಾತ್ರಿ ಬಿಸಿನೀರಲ್ಲಿ ನೆನೆಸಿ ಹಾಕು. ಬೇರು ಬಿಟ್ರೆ ವರ್ಷ ವರ್ಷ ತಾನೇ ಚಿಗುರುತ್ತೆ. ಜೇನುನೊಣ ಬರ್ತವೆ, ನಿನ್ನ ಕುಂಬಳಬಳ್ಳಿಗೂ ಕಾಯಿ ಕಚ್ಚುತ್ತೆ."

ಗಿಡ ಬಂತು. ಮೊದಲ ವರ್ಷ ಬರೀ ಎಲೆ. ಬೇಸಿಗೆಯಲ್ಲಿ ಒಣಗಿ ಕಡ್ಡಿಯಾಯ್ತು. ತಾತ ದಿನಾ ಸಂಜೆ ಕಿಟಕಿಗೆ ಮುಖ ಕೊಟ್ಟು "ಅರಳ್ತಾ?" ಅಂತ ಕೂಗೋರು. ಕೇಳಿ ಕೇಳಿ ಅವಳಿಗೆ ರೇಗ್ತಿತ್ತು.

ಒಂದಿನ ಮದುವೆ ಬಟ್ಟೆಗೆ ಅಳತೆ ಕೊಡೋಕೆ ಗಿರಾಕಿಗಳು ಬರೋರಿದ್ರು. "ಅಂಗಳದಲ್ಲೇ ಒಣ ಕಡ್ಡಿ ಕಂಡ್ರೆ ಏನಂದ್ಕೊಳ್ತಾರೆ," ಅಂತ ಗುದ್ದಲಿ ತಗೊಂಡು ಬುಡಸಮೇತ ಅಗೆದು ಹಾಕಿದಳು. ನಾನು ಓಡಿ ಬರೋಷ್ಟರಲ್ಲಿ ಮುಗಿದೇ ಹೋಗಿತ್ತು. ಬುಡವನ್ನ ಉಗುರಲ್ಲಿ ಕೆರೆದು ತೋರಿಸಿದೆ. ಒಳಗೆ ಹಸಿರು. ಬೇರಿನ ಪಕ್ಕ ಸಾಸಿವೆಯಷ್ಟು ಚಿಗುರು.

"ಅಯ್ಯೋ, ಸತ್ತೋಗಿದೆ ಅಂದ್ಕೊಂಡೆ ಅಕ್ಕಾ. ಮತ್ತೆ ನೆಟ್ರೆ?"

"ತಾಯಿಬೇರೇ ತುಂಡಾಗಿದೆ ಕಣೇ. ಇನ್ನು ಹಿಡಿಯಲ್ಲ."

"ಒಂದು ಮಳೆ ಬರೋವರೆಗೆ ಕಾಯೋಕಾಗ್ಲಿಲ್ವಲ್ಲ ನನ್ನ ಕೈಲಿ!" ಅಂತ ಅವಳು ಅಲ್ಲೇ ಕೂತು ಅತ್ತಳು.

ಅವಳೇ ಬಂದು ಮತ್ತೆ ಬೀಜ ಕೇಳಿದಳು. ಮರುವರ್ಷ ಬೇಸಿಗೆಯಲ್ಲಿ ಗಿಡ ಒಣಗಿದಾಗ ಯಾರನ್ನೂ ಹತ್ರ ಸೇರಿಸಲಿಲ್ಲ. ಮಳೆ ಬಿದ್ದ ಮೇಲೆ ಬುಡದಿಂದ ಚಿಗುರಿ, ಒಂದು ಸಂಜೆ ಗಿಡದ ತುಂಬ ಹಳದಿ. ಅಷ್ಟರಲ್ಲಿ ತಾತನ ಕಣ್ಣು ಪೂರ್ತಿ ಹೋಗಿತ್ತು.

ಒಂದು ಹೂ ತಂದು ತಾತನ ಅಂಗೈಯಲ್ಲಿಟ್ಟಳು. "ಅರಳಿದೆ ಮಾವ."

ತಾತ ಎಸಳು ಸವರಿದರು. ಬೀದಿಗೆ ಕೇಳೋ ಗಂಟಲು ಅವತ್ತು ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ. "ಹಳದಿನೇ ತಾನೇ?" ಅಂದರು.

ಅಕ್ಕ ತಂಗಿಯರೇ, ಅಣ್ಣಂದಿರೇ, ನಿಮ್ಮ ಅಂಗಳದಲ್ಲೂ ಒಂದು ತುತ್ತಿ ಗಿಡಕ್ಕೆ ಜಾಗ ಕೊಡಿ. ಒಣಗಿತು ಅಂತ ಕೀಳೋ ಮುಂಚೆ ಬುಡ ಕೆರೆದು ನೋಡಿ. ಹಸಿರು ಕಂಡರೆ ಬಿಟ್ಟುಬಿಡಿ, ಮಳೆ ಬರಲಿ. ನಿಮ್ಮ ಮನೆಯಲ್ಲೂ ಆ ಹೂವಿಗೆ ಯಾರಾದರೂ ಕಾಯ್ತಿರಬಹುದು.