ಹೊರಡದ ಸದ್ದು

ಹಸಿರು ಗೆರೆ ಏರುತ್ತಿದೆ, ಇಳಿಯುತ್ತಿದೆ, ಹೆಡ್‌ಫೋನಿನಲ್ಲಿ ಮಾತ್ರ ಏನೂ ಇಲ್ಲ — ತನ್ನ ಕಿವಿಗೇ ಏನಾದರೂ ಬಂತೇ ಎಂದು ಅವಳು ಉಗುರಿನಿಂದ ಮೇಜು ಕುಟ್ಟಿದಳು, ಟಕ್, ಅದು ಕೇಳಿತು, ಹೊರಗೆ ಬೆಂಚಿನ ಮೇಲೆ, ಈಗಷ್ಟೇ ಪರೀಕ್ಷೆಯಿಂದ ಎದ್ದುಹೋದ ಅಜ್ಜಿ ಗೊಣಗುತ್ತಿದ್ದಾರೆ, ಏನೂ ಬರ್ತಿಲ್ಲ ಅಂತ ಆಗ್ಲಿಂದ ಹೇಳ್ತಿದೀನಿ, ಅದೂ ಕೇಳಿತು, ಪರದೆ ಮಾತ್ರ ಸದ್ದು ಕಳಿಸಿದೆ ಅನ್ನುತ್ತಿದೆ, ಕಳಿಸಿತಂತೆ, ಎಲ್ಲಿಗೆ? ಕಿವಿ ಪರೀಕ್ಷೆಯ ಈ ಪ್ರೋಗ್ರಾಂ ಬೇರೆ ಸಿಸ್ಟಮ್ಮಿಗೆ ಬರೆದದ್ದು, ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಅದರೊಳಗೆ ಇದನ್ನು ಓಡಿಸಿದವಳು ತಾನೇ, ನಡುವೆ ದುಭಾಷಿಯಂಥ ಒಂದು ಪದರ, ಪ್ರೋಗ್ರಾಮಿನ ಮಾತನ್ನು ಲಿನಕ್ಸಿಗೆ ತಿಳಿಸುವುದಷ್ಟೇ ಅದರ ಕೆಲಸ, ಡಾಕ್ಟರು ಆಗಲೇ ಅಂದಿದ್ದರು, ಇಲ್ಲದ ಉಸಾಬರಿ ಯಾಕಮ್ಮ, ಇಲ್ಲ ಸರ್, ಚೆನ್ನಾಗಿ ಓಡತ್ತೆ — ಓಡಿತು ಕೂಡ, ಒಂಬತ್ತು ತಿಂಗಳು, ನಿನ್ನೆ ಸಂಜೆ ಅಪ್‌ಡೇಟ್ ಹಾಕುವವರೆಗೆ. ಈಗ ಆ ಪದರ ಸದ್ದನ್ನು ಇಸಿದುಕೊಂಡು, ಮುಟ್ಟಿಸಿದೆ ಎಂದು ಸುಳ್ಳು ಹೇಳಿ, ದಾರಿಯಲ್ಲೇ ಬಿಸಾಡುತ್ತಿದೆ. ಬೆಳಿಗ್ಗೆ ಮೊದಲು ತಾನೇ ಕಿವಿಗಿಟ್ಟು ಕೇಳಬೇಕು, ಆ ನಿಯಮ ಬರೆದು ಗೋಡೆಗೆ ಅಂಟಿಸಿದವಳೂ ತಾನೇ, ಇವತ್ತು ಗೆರೆ ಕುಣಿದದ್ದು ನೋಡಿ ಸಾಕೆಂದುಕೊಂಡಳು, ಅಣ್ಣ ಬಂದು ಕೂತಿದ್ದನಲ್ಲ, ಬೇಗ ಮುಗ್ಸೇ, ಎರಡು ಗಂಟೆಗೆ ಶಿಫ್ಟು, ಸರ್ಟಿಫಿಕೇಟ್ ಇಲ್ದೆ ಕ್ರೇನ್ ಹತ್ತಕ್ಕೆ ಬಿಡಲ್ಲ ಆ ಮೇಸ್ತ್ರಿ. ಎರಡಕ್ಕೆ ಇನ್ನು ಮೂರು ನಿಮಿಷ.

ಇಪ್ಪತ್ತೆರಡು ಸಲ ಕೈ ಎತ್ತಿದ್ದ ಅಣ್ಣ, ಇವತ್ತು ಅಜ್ಜಿಗೆ ಮುಂಚೆ ಬಂದವನು ಅವನೊಬ್ಬನೇ, ಗಾಜಿನ ಗೂಡಿನೊಳಗೆ ಕೂತು, ಸದ್ದು ಕೇಳಿದಾಗಲೆಲ್ಲ ಎತ್ತಬೇಕು, ಎತ್ತಿದ, ಒಂದೂ ತಪ್ಪಲಿಲ್ಲ, ಡಾಕ್ಟರು ಸಹಿ ಹಾಕಿದರು — ಯಾವ ಸದ್ದಿಗೆ ಎತ್ತಿದ? ಬೆಳಿಗ್ಗೆ ಸರಿಯಿತ್ತೇನೋ, ಆಮೇಲೆ ಕೆಟ್ಟಿತೇನೋ, ಹಾಗೇ ಆಗಿರಲಪ್ಪಾ, ಕಂಪ್ಯೂಟರ್ ತಾನೇ ಬರೆದಿಡುವ ಲಾಗ್ ತೆರೆದಳು, ನಿನ್ನೆ ಸಂಜೆಯಿಂದ ಒಂದೇ ಸಾಲು, ಸೌಂಡ್ ಕಾರ್ಡ್ ಸಿಗಲಿಲ್ಲ, ಸಿಗಲಿಲ್ಲ, ಸಿಗಲಿಲ್ಲ. ಕಿವಿ ನೆಟ್ಟಗಿದ್ದವನಾದರೆ ಅವನೂ ಅಜ್ಜಿಯ ಹಾಗೆ ಬೈಯುತ್ತಿದ್ದ. ಎಲ್ಲರನ್ನೂ ಬೆನ್ನು ತಿರುಗಿಸಿ ಕೂರಿಸುತ್ತಾಳೆ, ಇವನನ್ನು ಮಾತ್ರ ಅಣ್ಣನಲ್ಲವೇ ಎಂದು ಮುಖಕ್ಕೆ ಮುಖ, ಗುಂಡಿ ಒತ್ತುವಾಗ ತನ್ನ ಹುಬ್ಬು ಮೇಲೇರುತ್ತದೆ, ಚಿಕ್ಕಂದಿನಲ್ಲಿ ಇಸ್ಪೀಟಿನಲ್ಲಿ ಆ ಹುಬ್ಬು ನೋಡಿಯೇ ಸೋಲಿಸುತ್ತಿದ್ದ, ನಿನ್ ಮುಖದಲ್ಲಿ ಎಲ್ಲಾ ಅಂಗೈ ನೆಲ್ಲಿಕಾಯಿ ಕಣೇ, ಹುಬ್ಬು ಏರಿತು, ಕೈ ಏರಿತು. ಅತ್ತಿಗೆ ಹೇಳಿರಲಿಲ್ಲವೇ, ಕರೆದ್ರೆ ತಿರುಗಿ ನೋಡಲ್ಲ ನಿಮ್ಮಣ್ಣ, ಜಂಬ ಬಂದಿದೆ — ಜಂಬವಂತೆ! ಫೋನ್ ಎತ್ತುವುದಿಲ್ಲ, ಇಲ್ಲಿ ಗಲಾಟೆ ಮೆಸೇಜ್ ಹಾಕು, ಒಂದು ವರ್ಷದಿಂದ ಅದೇ ಪಲ್ಲವಿ, ಮತ್ತೆ ಕ್ರೇನಿನ ಕೆಳಗೆ ಜನ, ತಲೆಯ ಮೇಲೆ ಟನ್‌ಗಟ್ಟಲೆ ಕಬ್ಬಿಣ, ನಿಲ್ಸು ನಿಲ್ಸು ಎಂದು ಕೂಗುವವರು. ಹೇಳಿದರೆ ಅವನ ಕೆಲಸ ಹೋಯಿತು, ನಿನ್ ಬಾಯಿಂದ್ಲೇ ಹೋಯ್ತಲ್ಲೇ ಅನ್ನುತ್ತಾನೆ, ಜನ್ಮದಲ್ಲಿ ಮಾತಾಡಿಸುವುದಿಲ್ಲ, ಬಿಸಿತುಪ್ಪ, ನುಂಗುವಂತಿಲ್ಲ ಉಗುಳುವಂತಿಲ್ಲ, ಭಯ, ಭಯಕ್ಕಿಂತ ನಾಚಿಕೆ, ಮೇಸ್ತ್ರಿಯ ನಂಬರು ಒತ್ತಿಬಿಟ್ಟಳು, ಹೇಳಮ್ಮಾ, ಅಣ್ಣನ್ನ ಹತ್ತಿಸ್ಬೇಡಿ, ಆಗ್ಲೇ ಹತ್ತಿಬಿಟ್ನಲ್ಲಮ್ಮ, ಇಳಿಸಿ, ಈಗ್ಲೇ ಇಳಿಸಿ, ಏನಾಯ್ತಮ್ಮಾ, ಏಯ್ ಕೆಳಗಿಳಿಯೋ, ಕೂಗ್ಬೇಡಿ ಮೇಸ್ತ್ರಿ, ಅವನಿಗೆ ಕೇಳ್ಸಲ್ಲ, ಅವನ ಎದುರಿಗೆ ಹೋಗಿ ನಿಂತ್ಕೊಳಿ, ಕಾಣೋ ಹಾಗೆ — ಬೆಳಿಗ್ಗೆ ಗಾಜಿನಾಚೆ, ಏನೂ ಹೊರಡದ ಆ ಮೌನಕ್ಕೆ, ತನ್ನನ್ನೇ ನೋಡುತ್ತ, ನಗುತ್ತ, ಎತ್ತಿದ ಕೈ, ಎತ್ತಿದ ಕೈ